ಸಮುದ್ರದ ದಂಡೆಗೆ ನಮ್ಮೂರ ಒಡ್ಡು

ಕಲಬುರಗಿಯ ಶಹಾಬಜಾರಿನಲ್ಲಿರುವ ನನ್ನ ಆಫೀಸಿಗೆ ಬರಬೇಕೆಂದರೆ ಬಳೆ ಅಂಗಡಿಯ ಪಕ್ಕದ ಕಲ್ಲಿನ ಮೆಟ್ಟಿಲು ಹತ್ತಬೇಕು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮೇಲಿನಿಂದ ಇಳಿಯುವವರಿದ್ದರೆ ಕೆಳಗಿನವರು ಕಾಯಬೇಕು. ದಾಲ್ ಮಿಲ್ಲಿನ ಸಾಹುಕಾರರು ಮೈ ತುಂಬಿಕೊಂಡವರು. ಅವರು ಹತ್ತುವಾಗ ಮೇಲಿನವರೂ ಕಾಯಬೇಕು, ಕೆಳಗಿನವರೂ ಕಾಯಬೇಕು. ಅಂಥವರು ಒಂದು ಬೇಸಿಗೆಯ ಮಧ್ಯಾಹ್ನ ಏದುಸಿರು ಬಿಡುತ್ತ ಬಂದು ಕೂತರು. ಒಂದು ತಂಬಿಗೆ ನೀರು ಕುಡಿದು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದರು: "ತಂಗಿ, ಒಂದು ಗಾಲ್ಫ್ ಮೈದಾನದ ನಕ್ಷಾ ತೆಗಿಬೇಕು."

ನಾನು ಮನೆಗಳ ನಕ್ಷೆ ತೆಗೆಯುವವಳು. ಶರಣಬಸವೇಶ್ವರ ಗುಡಿಯ ಹತ್ತಿರದ ಕಾಲೇಜಿನಲ್ಲಿ ಸಿವಿಲ್ ಓದಿ, ಅಂದಿನಿಂದ ಇಂದಿನವರೆಗೆ ದೇವರ ಕೋಣೆ ಎಲ್ಲಿ, ಸಂಡಾಸ ಎಲ್ಲಿ ಎಂಬ ಎರಡೇ ಪ್ರಶ್ನೆಗಳ ನಡುವೆ ಬದುಕು ಸಾಗಿಸಿದವಳು. ಗಾಲ್ಫ್ ಎಂಬುದನ್ನು ಟೀವಿಯಲ್ಲಿ ಚಾನೆಲ್ ಬದಲಾಯಿಸುವಾಗ ಮಾತ್ರ ನೋಡಿದ್ದೆ.

"ಪ್ಲಾಟ್ ಎಲ್ಲಿ ಅದರಿ?" ಎಂದೆ.

"ಸಮುದ್ರದ ದಂಡಿಮ್ಯಾಲೆ," ಎಂದರು, ಸೂಪರ್ ಮಾರ್ಕೆಟ್ಟಿನ ಹಿಂದೆ ಎಂದಷ್ಟು ಸಲೀಸಾಗಿ.

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರ. ನಾನು ಅದನ್ನು ನೋಡಿರಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ನೋಡಿರಲಿಲ್ಲ. ಸಾಹುಕಾರರು ವಿವರಿಸಿದರು. ಡಾಕ್ಟರು ಅವರಿಗೆ ದಿನಾ ನಡೆಯಲು ಹೇಳಿದ್ದಾರೆ. "ಸುಮ್ಮಸುಮ್ಮನ ಹೆಂಗ ನಡೀಲಿ ತಂಗಿ? ಏನರ ಕೆಲಸ ಇರಬೇಕಲ್ಲ?" ಅವರಿಗೆ ಕರಾವಳಿಯ ಒಬ್ಬ ಗೆಳೆಯರಿದ್ದರು, ನಿವೃತ್ತ ಹಡಗಿನ ಕ್ಯಾಪ್ಟನ್. ಮುಂದೆ ಒಂದು ಚೆಂಡಿದ್ದರೆ ಮನುಷ್ಯ ಗೊತ್ತಿಲ್ಲದೆ ಮೈಲಿಗಟ್ಟಲೆ ನಡೆಯುತ್ತಾನೆ ಎಂದು ಕ್ಯಾಪ್ಟನ್ನರು ಹೇಳಿದ್ದೇ ತಡ, ಇಬ್ಬರೂ ಸೇರಿ ಕಡಲ ದಂಡೆಯ ಮೇಲೆ ಒಂದು ಗುಡ್ಡ ಕೊಂಡುಬಿಟ್ಟಿದ್ದರು. ಒಂಬತ್ತು ಕುಳಿಗಳ ಖಾಸಗಿ ಮೈದಾನ, ತಮಗೆ ಮತ್ತು ಗೆಳೆಯರಿಗೆ ಮಾತ್ರ.

"ಇದಕ್ಕ ಬ್ಯಾರೆ ಇಂಜಿನಿಯರ್ ಇರ್ತಾರ್ರಿ," ಎಂದೆ.

"ನೀ ತೆಗೆದ ನಮ್ಮ ಶಾದಿ ಹಾಲಿನ ಛತ್ತು ಇನ್ನೂ ಸೋರಿಲ್ಲ. ಅವ್ರು ಯಾರು ಏನೋ, ಎಂಥವ್ರೋ. ನೀ ನಮ್ಮಾಕಿ."

ಮೈದಾನಕ್ಕೆ ಛತ್ತು ಇರುವುದಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಯಾಕೆಂದರೆ ನನಗೆ ಆ ಕೆಲಸ ಬೇಕಾಗಿತ್ತು, ಬಹಳ ಬೇಕಾಗಿತ್ತು. ಇಷ್ಟು ವರ್ಷ ತೆಗೆದ ನಕ್ಷೆಗಳಲ್ಲಿ ಒಂದೂ ನಾನು ಎಳೆದಂತೆ ಕಟ್ಟಿದ್ದಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆ. ಬುನಾದಿಯ ಗುರುತು ಹಾಕುವ ದಿನ ಗೂಟ ಬಡಿದು, ಹುರಿ ಕಟ್ಟಿ, ಸುಣ್ಣ ಚೆಲ್ಲಿ ಎಲ್ಲ ಮುಗಿಸಿದ ಮೇಲೆ ಮನೆಯ ಹಿರಿಯರು ಬರುತ್ತಾರೆ. ತೆಂಗಿನಕಾಯಿ ಒಡೆಯುತ್ತಾರೆ. ಆಮೇಲೆ ಸುತ್ತಲೂ ನೋಡಿ ಒಂದು ಗೂಟವನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಕಾರಣ ಬೇಕಿಲ್ಲ. ಹಿರಿಯರಾಗಿ ಬಂದು ಏನೂ ಸರಿಸದೆ ಹೋದರೆ ಬಂದದ್ದು ಯಾಕೆ ಎಂಬ ಪ್ರಶ್ನೆ ಏಳುತ್ತದೆ.

ಈ ಗೂಟ ಸರಿಸುವವರ ಸಾಮ್ರಾಟನೆಂದರೆ ನನ್ನ ಅಪ್ಪ. ಅಪ್ಪ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ನಾನು ಮೊಟ್ಟಮೊದಲು ತೆಗೆದ ನಕ್ಷೆ ಅವನ ಮನೆಯದೇ. ಗುರುತಿನ ದಿನ ಅಪ್ಪ ಕೈ ಹಿಂದೆ ಕಟ್ಟಿಕೊಂಡು ಬಂದು, ಮುಂಬಾಗಿಲಿನ ಗೂಟವನ್ನು ಕಾಲಿನ ಹೆಬ್ಬೆರಳಿನಿಂದ ಅಲುಗಿಸಿ, "ಸ್ವಲ್ಪ ಈ ಕಡಿ ಬರ್ಲಿ" ಎಂದ. ಬಂತು. ಈಗ ಆ ಬಾಗಿಲು ತೆರೆದರೆ ಒಳಗಿನ ಕಂಬಕ್ಕೆ ಬಡಿಯುತ್ತದೆ, ಅರ್ಧ ಮಾತ್ರ ತೆರೆಯುತ್ತದೆ. ನಮ್ಮ ಮನೆಗೆ ಬರುವವರೆಲ್ಲ ಅಡ್ಡ ತಿರುಗಿ ಒಳಗೆ ಬರುತ್ತಾರೆ. ನನ್ನ ಮದುವೆಯಲ್ಲಿ ಬೀಗರೂ ಹಾಗೆಯೇ ಬಂದರು. "ಬಾಗಿಲು ಸಣ್ಣದಿದ್ರ ಬಂದವ್ರಿಗೆ ವಿನಯ ಬರ್ತದ," ಎಂದು ಅಪ್ಪ ಇವತ್ತಿಗೂ ವಾದಿಸುತ್ತಾನೆ.

ಸಮುದ್ರ ಅಷ್ಟು ದೂರ ಇದೆ, ಅಲ್ಲಿಗೆ ಯಾವ ಹಿರಿಯನೂ ಗೂಟ ಸರಿಸಲು ಬರುವುದಿಲ್ಲ ಎಂದು ನನ್ನ ಲೆಕ್ಕ. ಒಂದಾದರೂ ನಾನು ಎಳೆದ ಜಾಗದಲ್ಲೇ ನಿಲ್ಲಲಿ ಎಂಬ ಆಸೆಯಿಂದ ಒಪ್ಪಿಕೊಂಡೆ.

ಸಾಹುಕಾರರ ಮೊದಲ ತಕರಾರು ವಾಸ್ತುವಿನದು. "ನೀರು ಈಶಾನ್ಯಕ್ಕ ಇರಬೇಕು ತಂಗಿ. ಇಲ್ಲಿ ಸಮುದ್ರ ಪಶ್ಚಿಮಕ್ಕ ಅದ."

"ಅದನ್ನ ಸರಸಾಕ ಬರಂಗಿಲ್ರಿ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಸರಿಸುವ ಖರ್ಚನ್ನೇ ಯೋಚಿಸಿದರೋ ಏನೋ. ಕೊನೆಗೆ, "ಹಂಗಾದ್ರ ಈಶಾನ್ಯಕ್ಕ ಒಂದು ನಳ ಆದ್ರೂ ಇರ್ಲಿ" ಎಂದು ರಾಜಿಯಾದರು.

ಕ್ಯಾಪ್ಟನ್ನರು ಜಾಗದ ಅಳತೆಯ ನಕ್ಷೆಯನ್ನೂ ಫೋನಿಗೆ ಒಂದು ವಿಡಿಯೋವನ್ನೂ ಕಳಿಸಿದರು. ವಿಡಿಯೋ ನೋಡಿ ನನಗೆ ಖುಷಿಯೋ ಖುಷಿ. ಕಲಬುರಗಿಯ ಸುತ್ತ ಎಲ್ಲಿ ನೋಡಿದರೂ ಕರಿಮಣ್ಣು, ಕಮಲಾಪುರದ ಹತ್ತಿರ ಬಂದರೆ ಮಾತ್ರ ನೆಲ ಕೆಂಪಾಗುತ್ತದೆ. ಕಡಲಿನ ಆ ಗುಡ್ಡವೂ ಅದೇ ಕೆಂಪು, ಅದೇ ಜಂಬಿಟ್ಟಿಗೆ ಕಲ್ಲು. ಇದು ನಮ್ಮ ಹೊಲವೇ, ಪಕ್ಕದಲ್ಲಿ ಒಂದು ಸಮುದ್ರ ಬಂದು ಕೂತಿದೆ ಅಷ್ಟೆ ಎಂದುಕೊಂಡೆ. ಆ ಮಣ್ಣಿನಲ್ಲಿ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಬೇಕು. ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು ಎಂದು ಕೇಳುತ್ತ ಬೆಳೆದವಳು ನಾನು. ಒಂಬತ್ತು ಕುಳಿಗಳ ಸುತ್ತಲೂ ಚೆಂದನೆಯ ಬಾಗಿದ ಒಡ್ಡುಗಳನ್ನು ಎಳೆದೆ. ನಡುನಡುವೆ ಬಿಸಿಲಿಗೆ ನಿಲ್ಲಲು ಬೇವಿನ ಗಿಡಗಳನ್ನು ಇಟ್ಟೆ. ನಡೆಯುವ ದಾರಿಗೆಲ್ಲ ನಮ್ಮ ಕಡೆಯ ನುಣುಪಾದ ಫರಸಿ ಕಲ್ಲು.

ಸಾಹುಕಾರರಿಗೆ ಕಾಗದದ ಮೇಲೆ ನಂಬಿಕೆ ಇಲ್ಲ. ಒಂದು ಕುಳಿಯನ್ನಾದರೂ ನೆಲದ ಮೇಲೆ ಮಾಡಿ ತೋರಿಸು ಎಂದರು. ನೆಲ ಎಲ್ಲಿದೆ? ಕಮಲಾಪುರದಲ್ಲಿ, ಬಾಳೆ ತೋಟದ ಪಕ್ಕ ಅಪ್ಪ ಬೀಳು ಬಿಟ್ಟ ತುಂಡಿನಲ್ಲಿ.

ಅಪ್ಪನಿಗೆ ಆಟ ಅರ್ಥವಾಗಲೆಂದು ಫೋನಿನಲ್ಲಿ ಒಂದು ಪಂದ್ಯ ತೋರಿಸಿದೆ. ಒಬ್ಬ ಹೊಡೆದ. ಎಲ್ಲರೂ ತಲೆ ತಗ್ಗಿಸಿ ಸಾವಕಾಶ ನಡೆದರು. ಮತ್ತೊಬ್ಬ ಹೊಡೆದ. ಮತ್ತೆ ನಡೆದರು. ಅಪ್ಪ ಬಹಳ ಹೊತ್ತು ನೋಡಿ ಕೇಳಿದ: "ಇವ್ರು ಏನು ಕಳಕೊಂಡಾರ?"

"ಆಟ ಅಪ್ಪಾ ಅದು."

"ಇಷ್ಟು ದೊಡ್ಡ ಹೊಲದಾಗ ಏನೂ ಬೆಳ್ಯಂಗಿಲ್ಲ?"

"ಹುಲ್ಲು ಬೆಳೀತಾರ."

"ಯಾವ ಹುಲ್ಲು?"

ಇಲ್ಲಿ ನಾನು ಸಿಕ್ಕಿಬಿದ್ದೆ. ಗಾಲ್ಫ್ ಮೈದಾನಗಳಲ್ಲಿ ಭಾರೀ ಹೆಸರಿಟ್ಟು ಬೆಳೆಸುವ ಹುಲ್ಲು ಬೇರೆ ಯಾವುದೂ ಅಲ್ಲ, ನಮ್ಮ ಕರಕಿಯೇ. ಗಣಪತಿಗೆ ಏರಿಸುವ ಕರಕಿ, ಹೊಲದಲ್ಲಿ ಬಂದರೆ ರೈತನ ವೈರಿ. ಅಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಕರಕಿ ಕಿತ್ತು ಕಿತ್ತು ನನ್ನ ನಡಾ ಬಾಗ್ಯದ. ನೀ ಅದನ್ನ ಹಚ್ಚಲಾಕ ಬಂದಿ? ಇದಕ್ಕ ನಿನಗ ಇಂಜಿನಿಯರಿಂಗ ಓದಿಸಿದೆ?" ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೆಯ ದಿನ ತಾನೇ ಹೋಗಿ, ಊರ ಹೊಲಗಳಿಂದ ಕಿತ್ತು ಬದುವಿನ ಮೇಲೆ ಒಗೆದಿದ್ದ ಕರಕಿಯನ್ನು ಗಾಡಿ ತುಂಬ ತಂದ. ಕೊಟ್ಟವರೆಲ್ಲ ಅವನ ತಲೆ ಕೆಟ್ಟಿದೆ ಎಂದೇ ತಿಳಿದು ಬಹಳ ಮರ್ಯಾದೆಯಿಂದ ಕೊಟ್ಟರಂತೆ.

ಗೂಟಗಳನ್ನು ನಾನು ಬೆಳಿಗ್ಗೆ ಬಡಿದೆ, ಅಪ್ಪ ಸಂಜೆ ಸರಿಸಿದ. ಒಡ್ಡು ಇನ್ನಷ್ಟು ಎತ್ತರ ಆಗಲಿ ಎಂದ, ಆಯಿತು. ಚೆಂಡು ಸಿಕ್ಕಿಕೊಳ್ಳಲೆಂದು ಆಟದಲ್ಲಿ ಅಲ್ಲಲ್ಲಿ ಉಸುಕಿನ ಗುಂಡಿ ಮಾಡಿರುತ್ತಾರೆ. ನಾನೂ ಒಂದು ಮಾಡಿಸಿ ಒಳ್ಳೆಯ ಉಸುಕು ತುಂಬಿಸಿದೆ. ಮರುದಿನ ನೋಡಿದರೆ ಗುಂಡಿ ಅರ್ಧ ಖಾಲಿ. ಪಕ್ಕದ ಹೊಲದ ಕಾಕಾ ತಾವೇ ಬಂದು ಹೇಳಿದರು: "ಸುಮ್ಮ ಬಿದ್ದಿತ್ತಲ್ಲವ್ವ, ನಮ್ಮ ಸಂಡಾಸದ ಗ್ವಾಡಿ ಗಿಲಾಯಿಗೆ ಒಯ್ದೆ. ಚಲೋ ಉಸುಕು ಅದ. ಎಲ್ಲಿಂದ ತರಸಿದಿ?" ಅಂತೂ ನನ್ನ ಗಾಲ್ಫ್ ಮೈದಾನವೂ ಸಂಡಾಸ ಬಿಟ್ಟು ದೂರ ಹೋಗಲಿಲ್ಲ.

ಕುಳಿ ಸಿದ್ಧವಾದ ದಿನ ಸಾಹುಕಾರರು ಬಿಳಿ ಟೊಪ್ಪಿಗೆ, ಹೊಸ ಬೂಟು ಹಾಕಿಕೊಂಡು ಕಾರಿನಿಂದ ಇಳಿದರು. ಕೋಲು ಎತ್ತಿ ಬೀಸಿದರು. ನೆಲ ಎದ್ದಿತು, ಚೆಂಡು ಇದ್ದಲ್ಲೇ ಇತ್ತು. ಮತ್ತೆ ಬೀಸಿದರು. "ಹಿಂಗೇ ಇನ್ನೊಂದು ಸಾಲು ಹೊಡೀರಿ ಸಾಹುಕಾರ್ರ, ತೊಗರಿ ಬಿತ್ತಬಹುದು," ಎಂದ ಅಪ್ಪ. ಕೊನೆಗೆ ಒಂದು ಏಟು ತಗುಲಿ ಚೆಂಡು ಹಾರಿ ಬಾಳೆ ತೋಟದೊಳಗೆ ಬಿತ್ತು. ಬೂಟು ಹಾಕಿದವರನ್ನು ಅಪ್ಪ ತೋಟಕ್ಕೆ ಬಿಡುವುದಿಲ್ಲ. ತಾನೇ ಒಳಗೆ ಹೋದ, ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕೆಂಪು ಬಾಳೆಯ ದೊಡ್ಡದೊಂದು ಹಣಿಗೆ ಇತ್ತು. "ಚೆಂಡು ಸಿಗಲಿಲ್ಲ. ಇದು ತಿನ್ರಿ."

ಎಲ್ಲರೂ ಬಾಳೆಹಣ್ಣು ತಿನ್ನುತ್ತ ನಿಂತಾಗಲೇ ಮುಂಗಾರಿನ ಮೊದಲ ಮಳೆ ಬಂತು. ಬೂಟು ಬಿಚ್ಚಿದ ಸಾಹುಕಾರರ ಸಮೇತ ಬಾಳೆ ಗಿಡಗಳ ಕೆಳಗೆ ಓಡಿದೆವು. ಮಳೆ ನಿಂತ ಮೇಲೆ ಬಂದು ನೋಡಿದರೆ ಒಡ್ಡಿನೊಳಗೆ ನೀರು ತುಂಬಿ ಫಳಫಳ ಹೊಳೆಯುತ್ತಿತ್ತು. "ನೋಡ್ರಿ, ಒಂದು ಹನಿ ಹೊರಗ ಹೋಗಿಲ್ಲ," ಎಂದು ಅಪ್ಪ ಎದೆಯುಬ್ಬಿಸಿದ. ಸಾಹುಕಾರರು, "ವಾಹ್, ಕ್ಯಾ ಬಾತ್ ಹೈ" ಎಂದರು. ನಾನೂ ಹೆಮ್ಮೆಯಿಂದ ನಿಂತಿದ್ದೆ. ಆಡಬೇಕಾದ ಕುಳಿ ಆ ನೀರಿನ ತಳದಲ್ಲಿದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನೀರು ನಿಂತರೆ ಸಂತೋಷಪಡಬೇಕು ಎಂಬುದು ಬಿಟ್ಟು ನಮಗೆ ಬೇರೆ ಏನೂ ತಿಳಿದಿರಲಿಲ್ಲ. ನಕ್ಷೆ ಅಲ್ಲೇ ಪಾಸಾಯಿತು.

ಗುರುತು ಹಾಕಲು ಎಲ್ಲರೂ ಸಾಹುಕಾರರ ಕಾರಿನಲ್ಲಿ ಕರಾವಳಿಗೆ ಹೊರಟೆವು. ಅಪ್ಪನೂ ಬಂದ. ಬೇಡವೆಂದರೆ ಕೇಳಬೇಕಲ್ಲ. "ಅಲ್ಲಿ ಕೆಂಪು ಮಣ್ಣು ಅದ ಅಂತೀದಿ. ನೋಡಬೇಕು," ಎಂದು, ಕಟಿ ರೊಟ್ಟಿಯ ಗಂಟು ಮತ್ತು ಒಂದು ಬಾಳೆಗೊನೆಯ ಸಮೇತ ಮುಂದಿನ ಸೀಟಿನಲ್ಲಿ ಕೂತ. ಯಾವ ಹಿರಿಯನೂ ಬಾರದ ಜಾಗ ಎಂದುಕೊಂಡಿದ್ದೆ, ಈಗ ಸಾಮ್ರಾಟನೇ ಹೊರಟಿದ್ದ.

ಘಟ್ಟ ಇಳಿಯುವಾಗ ಶುರುವಾದ ಮಳೆ ಕಡಲು ತಲುಪಿದರೂ ನಿಲ್ಲಲಿಲ್ಲ. ನಮ್ಮ ಕಡೆ ಮಳೆ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ. ಇಲ್ಲಿ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಕ್ಯಾಪ್ಟನ್ನರು ಕೊಡೆ ಹಿಡಿದು ಗುಡ್ಡದ ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಗಾಳಿಗೆ ಬಾಗಿದ ಒಂದು ಹಳೆಯ ಮರ, ಅದರ ಆಚೆ ಸಮುದ್ರ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಕ್ಯಾಪ್ಟನ್ನರನ್ನು ಕೇಳಿದ: "ಇದರ ಒಡ್ಡು ಎಲ್ಲಿ ಅದರಿ?"

ಕ್ಯಾಪ್ಟನ್ನರು ಸಜ್ಜನರು. "ಈಚೆ ಒಡ್ಡು ನೀವು ನಿಂತಿದ್ದೀರಲ್ಲ, ಅದೇ. ಆಚೆ ಒಡ್ಡಿಗೆ ಹಡಗಿನಲ್ಲಿ ಹೋಗ್ಬೇಕು," ಎಂದರು. ಆದರೆ ನನ್ನ ನಕ್ಷೆ ಬಿಚ್ಚಿ ನೋಡಿದಾಗ ಅವರ ಸಜ್ಜನಿಕೆಗೂ ಕಷ್ಟವಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೇಡಂ, ಇದು ಒಂಬತ್ತು ಕುಳಿ ಅಲ್ಲ, ಒಂಬತ್ತು ಕೆರೆ. ಇಲ್ಲಿ ನೀರು ನಿಲ್ಲಿಸುದು ಅಲ್ಲ ಮಾರಾಯ್ರೆ, ಓಡಿಸುದು. ಇದನ್ನು ಹೀಗೇ ಮಾಡಿದ್ರೆ ನಾವು ದೋಣಿಯಲ್ಲಿ ಕೂತು ಆಡ್ಬೇಕು." ಬೇವು ಇಲ್ಲಿ ಏಳುವುದಿಲ್ಲ ಎಂದರು. ಫರಸಿ ಕಲ್ಲಿನ ಮೇಲೆ ಒಂದೇ ಮಳೆಗಾಲಕ್ಕೆ ಪಾಚಿ ಕಟ್ಟುತ್ತದೆ, ಸಾಹುಕಾರರು ನಡೆಯುವ ಬದಲು ಜಾರಿಕೊಂಡೇ ಹೋಗಬಹುದು ಎಂದರು. ಸಾಹುಕಾರರಿಗೆ ಅದು ಅಷ್ಟೇನೂ ಕೆಟ್ಟದ್ದೆನಿಸಲಿಲ್ಲ.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಆ ಕೆಂಪು ಮಣ್ಣಿನ ಮೇಲೆಯೇ ಇರಬೇಕು. ನೋಡಲು ನಮ್ಮದೇ ಥರ ಇದ್ದು ಹೀಗೆ ಮೋಸ ಮಾಡಿತಲ್ಲ. ಕ್ಯಾಪ್ಟನ್ನರ ಕೊಡೆ ಕಸಿದುಕೊಂಡಂತೆಯೇ ತೆಗೆದುಕೊಂಡು ಗುಡ್ಡದ ಮೇಲೆ ಹೊರಟೆ. ಮಧ್ಯಾಹ್ನವಿಡೀ ತಿರುಗಿದೆ. ಗಾಳಿಗೆ ಕೊಡೆ ಮೊದಲೇ ಹೋಗಿತ್ತು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಕಡಲಿಗೆ ಇಳಿಯುತ್ತದೆ ಎಂದು ಅದರ ಹಿಂದೆಯೇ ನಡೆದೆ. ದೂರದಿಂದ ನೋಡಿದವರು ನಾನೂ ಏನೋ ಕಳೆದುಕೊಂಡಿದ್ದೇನೆ ಎಂದುಕೊಂಡಿರಬೇಕು.

ಸಂಜೆ ಕ್ಯಾಪ್ಟನ್ನರ ಮನೆಯ ಊಟದ ಮೇಜಿನ ಮೇಲೆ ಹೊಸ ಹಾಳೆ ಹರಡಿದೆ. ಒಡ್ಡುಗಳನ್ನು ಅಳಿಸಲಿಲ್ಲ, ತಿರುಗಿಸಿದೆ. ಇಳಿಜಾರಿಗೆ ಅಡ್ಡ ಬಿದ್ದವು ಈಗ ಓರೆಯಾಗಿ ನೀರನ್ನು ಕೈ ಹಿಡಿದು ಹಳ್ಳಕ್ಕೆ ಕರೆದೊಯ್ದವು. ಕುಳಿಗಳೆಲ್ಲ ತಗ್ಗಿನಿಂದ ದಿಬ್ಬಕ್ಕೆ ಹತ್ತಿದವು. ಕೊನೆಯದನ್ನು, ಒಂಬತ್ತನೆಯದನ್ನು, ಗುಡ್ಡದ ತುದಿಯಲ್ಲಿ ಆ ಬಾಗಿದ ಮರದ ಪಕ್ಕಕ್ಕೆ ಇಟ್ಟು, ಮರಕ್ಕೆ ಒಂದು ಕಟ್ಟೆ ಎಳೆದೆ. ಆಟ ಮುಗಿಸಿದವರು ಕೂತು ಸಮುದ್ರ ನೋಡಲಿ ಎಂದು. ಕ್ಯಾಪ್ಟನ್ನರು ನೋಡಿ, "ಹಾಂ, ಈಗ ಆಡ್ಬಹುದು" ಎಂದರು. ಅಪ್ಪ ಮೂಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ನನ್ನ ಒದ್ದೆ ಸೆರಗಿನ ಕಡೆ ನೋಡಿ, "ತೆಲಿ ಒರಸ್ಕೊ ಯವ್ವ" ಎಂದ, ಅಷ್ಟೇ.

ಬೆಳಿಗ್ಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಗೂಟ ಬಡಿದೆವು. ಒಂಬತ್ತನೆಯ ಗೂಟ ಬಡಿದು, ಕಾಯಿ ಒಡೆದು ಮುಗಿಯುವಷ್ಟರಲ್ಲಿ ಸಾಹುಕಾರರು ಸುತ್ತಲೂ ನೋಡಿದರು. ಆ ನೋಟ ನನಗೆ ಪರಿಚಯ.

"ತಂಗಿ, ಇದು ಬಹಳ ದೂರ ಆತು. ಇದನ್ನ ಅಲ್ಲಿ ಕ್ಯಾಪ್ಟನ್ನರ ಬಂಗಲೆ ಹತ್ರ ತಗೊಂಬಾ. ಆಡಿ ಮುಗಿಸಿದ ಕೂಡ್ಲೇ ಚಹಾಕ್ಕ ಕೂಡಬಹುದು."

"ನಡೀಲಿ ಅಂತನೇ ಅಲ್ಲರಿ ಇದನ್ನ ಮಾಡಿದ್ದು?" ಎಂದೆ.

"ನಡಿಯೋದು ಎಂಟಕ್ಕೇ ಮುಗೀಲಿ. ಸರಸವ್ವ."

ಕ್ಯಾಪ್ಟನ್ನರು ಹೆಚ್ಚು ಹಣ ಹಾಕಿದವರ ಮುಖ ನೋಡಿ ಕನ್ನಡಕ ಒರೆಸತೊಡಗಿದರು. ಅಷ್ಟರಲ್ಲಿ ಅಪ್ಪ ಕೈ ಹಿಂದೆ ಕಟ್ಟಿಕೊಂಡು ಗೂಟದ ಕಡೆ ನಡೆದುಬಂದ. ಮುಗಿಯಿತು ಎಂದುಕೊಂಡೆ. ಇಷ್ಟು ದೂರ ಬಂದು, ಇಷ್ಟು ನೆನೆದು, ಕೊನೆಗೂ ಅದೇ ಹೆಬ್ಬೆರಳು. ನಿಜ ಹೇಳುತ್ತೇನೆ, ನನಗೆ ಅಳು ಬಂತು. ಅಪ್ಪ ಗೂಟದ ಹತ್ತಿರ ಬಂದ, ಕಾಲು ಎತ್ತಿದ, ಗೂಟದ ತಲೆಯ ಮೇಲೆ ಪಾದವಿಟ್ಟು ಒತ್ತಿದ. ಗೂಟ ಇನ್ನೊಂದು ಗೇಣು ಒಳಗೆ ಹೋಯಿತು.

"ಇದು ಇಲ್ಲೇ ಇರ್ಲಿ," ಎಂದ.

"ಯಾಕ ಕಾಕಾ? ನಿಮ್ಮ ಹೊಲದಾಗ ಎಲ್ಲಾ ಗೂಟ ನೀವೇ ಸರಸಿದ್ರಲ್ಲ?" ಎಂದರು ಸಾಹುಕಾರರು.

"ಅದು ನನ್ನ ಹೊಲ ಇತ್ರಿ, ನನಗ ಗೊತ್ತಿತ್ತು. ಇಲ್ಲಿದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಿನ್ನೆ ಮಳ್ಯಾಗ ತಿರಗಿದಾಕಿ ಆಕಿ. ಆಕಿ ಎಲ್ಲಿ ಬಡದಾಳ, ಅಲ್ಲೇ ಇರ್ಲಿ."

ಸಾಹುಕಾರರು ಒಮ್ಮೆ ಬಂಗಲೆಯ ಕಡೆ, ಒಮ್ಮೆ ಅಪ್ಪನ ಪಾದದ ಕಡೆ ನೋಡಿದರು. ಪಾದ ಗೂಟದ ಮೇಲೇ ಇತ್ತು. "ಹಂಗಾದ್ರ ಚಹಾ ಇಲ್ಲಿಗೇ ತರ್ಲಿ," ಎಂದು ಬಿಟ್ಟುಕೊಟ್ಟರು. ಅಪ್ಪ ಆಮೇಲೂ ಬಹಳ ಹೊತ್ತು ಅಲ್ಲೇ ನಿಂತು ಸಮುದ್ರ ನೋಡಿದ.

ಮೈದಾನ ಈಗ ಎದ್ದಿದೆ. ಕರಕಿ ಹಸಿರಾಗಿದೆ, ಒಂಬತ್ತನೆಯ ಕುಳಿ ಗುಡ್ಡದ ತುದಿಯಲ್ಲಿದೆ. ಸಾಹುಕಾರರು ತಿಂಗಳಿಗೊಮ್ಮೆ ಹೋಗುತ್ತಾರೆ, ಚೆಂಡು ಕ್ಯಾಪ್ಟನ್ನರಿಗೆ ಬಿಟ್ಟು ನೇರ ಕಟ್ಟೆಗೆ ಬಂದು ಚಹಾ ತರಿಸಿಕೊಳ್ಳುತ್ತಾರೆ ಎಂದು ಸುದ್ದಿ. ಅಲ್ಲಿಗೆ ನಡೆದೇ ಹೋಗಬೇಕಾದ್ದರಿಂದ ಡಾಕ್ಟರಿಗೂ ಸಮಾಧಾನ. ಕಮಲಾಪುರದ ಆ ತುಂಡು ಹೊಲದಿಂದ ಕರಕಿ ಮಾತ್ರ ಇವತ್ತಿಗೂ ಹೋಗಿಲ್ಲ. ಅಪ್ಪ ಕೀಳುತ್ತಲೇ ಇದ್ದಾನೆ, ಕೀಳುವಾಗಲೆಲ್ಲ ನನ್ನ ಹೆಸರು ಹಿಡಿದು ಬಯ್ಯುತ್ತಾನಂತೆ.

ಈ ದೀಪಾವಳಿಗೆ ಊರಿಗೆ ಹೋದಾಗ ರೂಢಿಯಂತೆ ಬಾಗಿಲ ಮುಂದೆ ಅಡ್ಡ ತಿರುಗಿದೆ. ತಿರುಗಿದವಳು ಹಾಗೆಯೇ ನಿಂತೆ. ಬಾಗಿಲು ತನ್ನ ಹಳೆಯ ಜಾಗ ಬಿಟ್ಟು ಸರಿದಿತ್ತು. ಅದು ಮೊದಲಿದ್ದ ಕಡೆ ಗೋಡೆಗೆ ಬಳಿದ ಹೊಸ ಗಿಲಾಯಿ ಇನ್ನೂ ಹಸಿಯಾಗಿತ್ತು. ಅಪ್ಪ ನನ್ನ ಮೊದಲ ನಕ್ಷೆಯನ್ನು ಹುಡುಕಿ ತೆಗೆದು, ಮೇಸ್ತ್ರಿಯನ್ನು ಕರೆಸಿ, ನಾನು ಎಳೆದಿದ್ದ ಜಾಗಕ್ಕೇ ಅದನ್ನು ತಂದಿದ್ದ. ನಾನು ದೂಡಿದೆ. ಬಾಗಿಲು ಯಾವುದಕ್ಕೂ ಬಡಿಯದೆ ಪೂರ್ತಿ ತೆರೆಯಿತು. ನನ್ನ ಮನೆಗೆ ನಾನು ಮೊದಲ ಸಲ ನೇರವಾಗಿ ನಡೆದು ಹೋದೆ, ಕಣ್ಣು ತುಂಬಿ ಹೊಸ್ತಿಲು ಕಾಣದೆ ಎಡವಿದೆ.

"ಸಾವಕಾಶ," ಎಂದ ಅಪ್ಪ ಒಳಗಿನಿಂದ. "ಹೊಸ್ತಿಲ ಒಂದೀಟು ಎತ್ತರ ಮಾಡಿಸೀನಿ. ನಿನ್ನ ನಕ್ಷಾದಾಗ ತಗ್ಗು ಇತ್ತು."